ಉರಿಗಾಂ ಲೈನಿನ ಶುಕ್ರವಾರ

ಗುರುವಾರ ಬೆಳಿಗ್ಗೆ ಆರು ಇಪ್ಪತ್ತಕ್ಕೆ ತುಮಕೂರು ಬಿಟ್ಟೆ. ರೈಲ್ವೆ ಗಾರ್ಡ್ ಕೆಲಸದಿಂದ ನಿವೃತ್ತನಾಗಿ ನಾಲ್ಕು ವರ್ಷವಾದರೂ ನಿಮಿಷ ಎಣಿಸುವ ಅಭ್ಯಾಸ ಹೋಗಿಲ್ಲ. ಬೆಂಗಳೂರಿನಲ್ಲಿ ಗಾಡಿ ಬದಲಿಸಿ ಬಂಗಾರಪೇಟೆ ಸೇರುವಾಗ ಬಿಸಿಲು ಏರಿತ್ತು. ಎರಡು ಇಡ್ಲಿ ತಿಂದು, ಅಕ್ಕನ ಮನೆಗೆಂದು ಉರಿಗಾಂ ಗಾಡಿ ಹತ್ತಿದೆ.

ಅಕ್ಕನ ಗಂಡ ಗಫಾರ್ ಭಾವ ಅಲ್ಲಿನ ಚಿನ್ನದ ಗಣಿಯೊಳಗೆ ಇಪ್ಪತ್ತೆಂಟು ವರ್ಷ ದುಡಿದವರು. ಈಗ ಎದೆಯಲ್ಲಿ ಧೂಳು ಕೂತು ಹತ್ತು ಹೆಜ್ಜೆಗೆ ಏದುಸಿರು. ನನ್ನನ್ನು ಕಂಡೊಡನೆ, "ಬಾಪ್ಪಾ ಗಾರ್ಡ್ ಸಾಬ್. ನಾಳೆ ನನ್ನನ್ನ ಜುಮಾಕ್ಕೆ ಕರ್ಕೊಂಡು ಹೋಗ್ಬೇಕು," ಎಂದರು.

ಶುಕ್ರವಾರ ಮಧ್ಯಾಹ್ನದ ಆ ಸಾಮೂಹಿಕ ನಮಾಜು ಪ್ರತಿ ಗಂಡಸಿನ ತಲೆಯ ಮೇಲಿನ ಕರ್ತವ್ಯ. ಆದರೆ ನಮ್ಮ ಪಂಥದ ಗ್ರಂಥಗಳಲ್ಲಿ ಅದಕ್ಕೆ ಷರತ್ತುಗಳಿವೆ: ಅದು ಪೇಟೆಯಾಗಿರಬೇಕು, ಆಳುವವನ ಅಪ್ಪಣೆ ಇರಬೇಕು. ಗಣಿ ಕಾರ್ಮಿಕರ ಮನೆಸಾಲಾದ ಈ ಲೈನಿನಲ್ಲಿ ಅಂಗಡಿ ಸಾಲು, ಸರ್ಕಾರದ ಗುರುತಾಗಿ ಪೊಲೀಸ್ ಚೌಕಿ ಇದ್ದಾಗ ಜುಮಾ ನಡೆಯುತ್ತಿತ್ತು. ಗಣಿಯಲ್ಲಿ ಕೆಲಸ ಕಡಿಮೆಯಾಗಿ ಜನ ಹೋದರು, ಅಂಗಡಿಗಳೂ ಚೌಕಿಯೂ ಮುಚ್ಚಿದವು. ಇದಿನ್ನು ಪೇಟೆಯಲ್ಲ, ಎಲ್ಲ ದಿನದಂತೆ ಮಧ್ಯಾಹ್ನದ ಜುಹರ್ ನಮಾಜನ್ನೇ ಮಾಡಿ ಎಂದುಬಿಟ್ಟರು ಇಲ್ಲಿನ ಇಮಾಮರು. ಜುಮಾ ಬೇಕೆಂದರೆ ಮೂರು ಕಿಲೋಮೀಟರ್ ದೂರದ ದೊಡ್ಡ ಮಸೀದಿಗೆ ಹೋಗಬೇಕು.

"ಕಾಯಿಲೆಯವರಿಗೆ ವಿನಾಯಿತಿ ಇದೆ ಭಾವ," ಎಂದೆ.

"ವಿನಾಯಿತಿ ತಗೊಂಡೇ ಹನ್ನೊಂದು ಶುಕ್ರವಾರ ಆಯ್ತು. ಎದೇನೂ ಹೋಗಿ ಜುಮಾನೂ ಹೋದ್ರೆ, ಮೇಲೆ ಅಲ್ಲಾನಿಗೆ ಏನು ಮುಖ ತೋರಿಸ್ಲಿ?"

ಶುಕ್ರವಾರ ಹನ್ನೆರಡೂವರೆಗೆ ಜಟಕಾ ತರಿಸಿದೆ. ಹೋಗಿಬರಲು ಆರು ರೂಪಾಯಿ. ದಾರಿಯಲ್ಲಿ ಪೇಟೆ, ಅಪ್ಪಣೆ ಎಂಬ ನಮ್ಮ ಚರ್ಚೆ ಕೇಳುತ್ತಿದ್ದ ಜಟಕಾದ ಮುನಿಯಪ್ಪ ನಕ್ಕ. "ನಮ್ ದ್ಯಾವ್ರೇ ವಾಸಿ ಬುಡಿ ಸಾಬ್ರೇ. ನಾಕು ಮನೆ ಇದ್ರೂ ಬತ್ತಾನೆ, ಪೊಲೀಸ್ನೋರ್ನ ಕೇಳಲ್ಲ."

"ನಿನ್ನ ಕುದುರೆ ಮಾತ್ರ ಯಾರು ಹೇಳಿದ್ರೂ ಓಡಲ್ಲ ಕಣ್ಲಾ. ಹೊಡಿ ಬೇಗ," ಎಂದರು ಭಾವ.

ಹೊತ್ತಿಗೆ ಸರಿಯಾಗಿ ತಲುಪಿದೆವು. ಪ್ರವಚನ, ಎರಡು ರಕಾತ್, ಅಂದರೆ ಎರಡು ಸುತ್ತಿನ ನಮಾಜು, ಎಲ್ಲ ಕ್ರಮವಾಗಿ ಮುಗಿಯಿತು. ಕಂಬಕ್ಕೆ ಒರಗಿದ್ದ ಭಾವ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ವಯಸ್ಸಾದವರೆಲ್ಲ ಮತ್ತೆ ಎದ್ದು ನಿಂತರು. ನಾನು ಅರ್ಧ ಎದ್ದು, ಮತ್ತೆ ಕೂತು, ಪಕ್ಕದ ಮುದುಕರನ್ನು ಇದು ಯಾವ ನಮಾಜೆಂದು ಕೇಳಿದೆ.

"ಜುಹರ್, ನಾಲ್ಕು ರಕಾತ್. ಅಪ್ಪಣೆ ಕೊಡೋಕೆ ಈಗ ನಮಗೆ ಸುಲ್ತಾನ ಎಲ್ಲಿದ್ದಾನೆ? ಜುಮಾ ಸಂದಿದೆಯೋ ಇಲ್ವೋ, ಯಾರಿಗೆ ಗೊತ್ತು? ಹುಷಾರಿಗೆ ಇದೂ ಇರ್ಲಿ."

ಒಂದೇ ಹಳಿಯ ಮೇಲೆ ಎರಡು ಗಾಡಿ ಬಿಟ್ಟಂತಾಯಿತು ನನಗೆ. ಮೊದಲನೆಯದು ಸಂದಿದ್ದರೆ ಎರಡನೆಯದು ಏಕೆ? ಸಂದಿಲ್ಲವಾದರೆ ಮೊದಲನೆಯದು ಏಕೆ?

ಭಾವ ಕೆಮ್ಮು ಬರುವಷ್ಟು ನಕ್ಕರು. "ಇಲ್ಲೂ ಅನುಮಾನವೇನಾ? ಇದಕ್ಕೆ ಜಟಕಾ ಯಾಕೆ? ಅನುಮಾನ ನಮ್ಮ ಲೈನಲ್ಲೇ ಬೇಕಾದಷ್ಟಿದೆ!"

ಸಂಜೆ ಭಾವ ಲೈನಿನ ಇಮಾಮರನ್ನು ಮನೆಗೆ ಕರೆಸಿ ಹೇಳಿದರು: "ಮುಂದಿನ ಶುಕ್ರವಾರ ಇಲ್ಲೇ ಜುಮಾ ಮಾಡ್ಸಿ. ಆಮೇಲೆ ಹುಷಾರಿಗೆ ಜುಹರ್ ನಾಲ್ಕು. ದೊಡ್ಡ ಮಸೀದೀಲೇ ಹಂಗೆ ಮಾಡ್ತಾರೆ."

ಇಮಾಮರು ನನ್ನ ಕಡೆ ತಿರುಗಿದರು. "ಓದಿದವರು, ನೀವು ಹೇಳಿ."

ಹಸಿರು ಇಲ್ಲವೇ ಕೆಂಪು ಬಾವುಟ ತೋರಿಸಿಯೇ ಬದುಕಿದವನು ನಾನು. "ನನಗೆ ಗೊತ್ತಿಲ್ಲ," ಎಂದೆ.

"ಗೊತ್ತಿಲ್ಲ ಅಂದ. ಬೇಡ ಅಂತ ಅನ್ನಲಿಲ್ಲ," ಎಂದರು ಭಾವ.

ಇಮಾಮರು ಗಡ್ಡ ನೀವಿಕೊಂಡರು. "ಎಷ್ಟು ಗಂಟೆಗೆ ಇಟ್ಕೊಳ್ಳೋಣ?" ಎಂದು ಕೇಳಿದರು.

ಶನಿವಾರ ಬೆಳಗಿನ ಗಾಡಿಗೆ ಹೊರಟೆ. ಯಾರು ಸರಿ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ. ಲೈನಿನ ತಿರುವಿನಲ್ಲಿ ಹಿಂತಿರುಗಿ ನೋಡಿದಾಗ, ಅಕ್ಕ ಭಾವನ ಬಿಳಿ ಜುಬ್ಬವನ್ನೂ ಟೋಪಿಯನ್ನೂ ಒಗೆದು ಹಗ್ಗದ ಮೇಲೆ ಹರವುತ್ತಿದ್ದಳು. ಶುಕ್ರವಾರಕ್ಕೆ ಇನ್ನೂ ಆರು ದಿನವಿತ್ತು.