ರೊಟ್ಟಿ ಮಾನವ್ವ ಎದುರುದಾರಳಾದದ್ದು

ರೋಣದ ಕೋರ್ಟಿನ ಎದುರಿಗೆ ಮೂವತ್ತೆಂಟು ವರ್ಷದಿಂದ ಅರ್ಜಿ ಟೈಪು ಮಾಡುತ್ತಿರುವ ನನಗೆ ಒಂದು ಕೆಟ್ಟ ಚಟವಿದೆ. ಅರ್ಜಿಗೆ ನಾಲ್ಕು ಸಾಲು ಸಾಕು, ನಾನು ಮಾತ್ರ ಇಡೀ ಬದುಕನ್ನೇ ಕೇಳುತ್ತ ಕೂಡುತ್ತೇನೆ. ಈ ಮುದುಕನ ಕಡೆ ಹೋದರೆ ಬಸ್ಸು ತಪ್ಪುತ್ತದೆ ಎಂದು ಜನ ಬೈಯುತ್ತಾರೆ, ಬೈದವರೇ ಮತ್ತೆ ಬರುತ್ತಾರೆ.

ಹೋದ ವರ್ಷ ಶ್ರಾವಣದಲ್ಲಿ ಮಾನವ್ವ ಬಂದಳು. ಊರಲ್ಲಿ ಆಕೆಗೆ ರೊಟ್ಟಿ ಮಾನವ್ವ ಎನ್ನುತ್ತಾರೆ. ರೋಣದ ಖಾನಾವಳಿಯಲ್ಲಿ ಉಂಡವರಲ್ಲಿ ಆಕೆಯ ರೊಟ್ಟಿ ತಿನ್ನದವರು ಕಡಿಮೆ, ಆಕೆಯ ಮುಖ ನೋಡಿದವರು ಅದಕ್ಕಿಂತ ಕಡಿಮೆ. ಕೈಚೀಲದಿಂದ ಒಂದು ಪುಡಿಯ ಡಬ್ಬಿ, ಒಂದಿಷ್ಟು ಬಿಲ್ಲು, ಗದಗಿನ ದವಾಖಾನೆಯ ಕಾಗದ ತೆಗೆದು ನನ್ನ ಮೇಜಿನ ಮೇಲಿಟ್ಟಳು.

"ಈ ಪುಡಿ ನನ್ನ ಕೊಂದ ಹಾಕ್ತಿತ್ತ್ರಿ ಕಾಕಾರ. ಕಂಪನಿ ಮ್ಯಾಲೆ ಕೇಸ ಹಾಕಬೇಕು. ಅದಕ್ಕಿಂತ ಮೊದಲ ಒಂದ ಮಾತ ಹೇಳ್ರಿ. ನನ್ನ ಹಂತ್ಯಾಕ ಬಿಲ್ಲ ಅದಾವು. ಸಾಬೀರಾನ ಹಂತ್ಯಾಕ ಇಲ್ಲ. ಅಕಿಗೆ ಕಾಯ್ದೇದಾಗ ಏನರ ಐತೇನ್ರಿ?"

"ಸಾಬೀರಾ ಅಂದ್ರ ಯಾರು?"

"ನಮ್ಮ ಓಣ್ಯಾಕಿ. ಅರಿವಿ ಹೊಲೀತಾಳ. ಅಕಿಗೆ ಪುಡಿ ಕೊಟ್ಟಾಕಿ ನಾನ."

ಕೀಲಿಮಣೆಯಿಂದ ಕೈ ತೆಗೆದು ಚಹಾ ಹೇಳಿದೆ. ತಮ್ಮ ಕೇಸಿಗೆ ಬಂದವರು ಬೇರೆಯವರ ಕೇಸಿನಿಂದ ಮಾತು ಶುರು ಮಾಡುವುದನ್ನು ನಾನು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ.

ಮಾನವ್ವ ಹುಟ್ಟಿದ್ದು ನರೇಗಲ್ಲಿನಲ್ಲಿ. ಎರಡನೇ ಇಯತ್ತೆಗೆ ಸಾಲಿ ಬಿಟ್ಟಳು. ರೋಣದ ಪೇಟೆಯಲ್ಲಿ ಹಮಾಲಿ ಮಾಡುವ ಹೂವಪ್ಪನ ಕೈ ಹಿಡಿದು ಬಂದ ವರ್ಷವೇ ರೊಟ್ಟಿ ಬಡಿಯಲು ಕುಳಿತವಳು ಇಪ್ಪತ್ತಾರು ವರ್ಷ ಎದ್ದಿಲ್ಲ. ಒಂದು ಕಾಲು ಮಡಚಿ, ಇನ್ನೊಂದು ಮೊಣಕಾಲು ಎತ್ತಿ ಒಲೆಯ ಮುಂದೆ ಕೂಡಬೇಕು. ದಿನಕ್ಕೆ ನೂರೈವತ್ತು ರೊಟ್ಟಿ, ಲಗ್ನದ ದಿನಗಳಲ್ಲಿ ಇನ್ನೂ ಹೆಚ್ಚು. ನಲವತ್ತು ದಾಟುತ್ತಲೇ ಮೊಣಕಾಲು ಹಿಡಿದವು. ಏಳುವಾಗ ಗೋಡೆ ಹಿಡಿಯುವುದಾಯಿತು, ಆಮೇಲೆ ಹೂವಪ್ಪನ ಹೆಗಲು ಹಿಡಿಯುವುದಾಯಿತು.

ಆಗ ಕೀಲುನೋವಿನ ಪುಡಿ ಬಂತು. ಕಲ್ಯಾಣಮಂಟಪದಲ್ಲಿ ಕಂಪನಿಯವರ ಸಭೆ ಇತ್ತಂತೆ. ಟೈ ಕಟ್ಟಿದವನೊಬ್ಬ ಎಲ್ಲರಿಗೂ ಉಪ್ಪಿಟ್ಟು ತಿನ್ನಿಸಿ, ಇದರಲ್ಲಿರುವುದು ಬರೀ ಬೇರು, ನಾರು, ಎಲೆ, ಅಡ್ಡಪರಿಣಾಮವೆಂಬುದೇ ಇಲ್ಲ ಎಂದನಂತೆ. ಪುಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ವ್ಯಾಜ್ಯ ಇನ್ನೂ ನಡೆದಿದೆ.

"ರುಚಿ ಹ್ಯಾಂಗಿತ್ತು?" ಎಂದು ಕೇಳಿದೆ. ಅರ್ಜಿಗೆ ಬೇಕಿಲ್ಲದ ಪ್ರಶ್ನೆ, ನನಗೆ ಬೇಕಿತ್ತು.

"ಭಾಳ ಕಹಿ. ಕಹಿ ಇತ್ತಂತನ ನಂಬಿದ್ನಿ" ಎಂದಳು.

ನಾಲ್ಕೇ ದಿನಕ್ಕೆ ನೋವು ಹೋಯಿತು. ಮಾನವ್ವ ಗೋಡೆ ಬಿಟ್ಟಳು, ಹೂವಪ್ಪನ ಹೆಗಲು ಬಿಟ್ಟಳು, ಇನ್ನೂರು ರೊಟ್ಟಿ ಬಡಿದಳು. ಎರಡು ತಿಂಗಳಾಗುವಷ್ಟರಲ್ಲಿ ಬತ್ತಿದ ಗಲ್ಲ ತುಂಬಿ ಮುಖ ದುಂಡಗಾಯಿತು. ರೊಟ್ಟಿಯೆಲ್ಲ ಖಾನಾವಳಿಗೇ ಹೋಗುತ್ತವೆಯೋ ಇಲ್ಲ ಇಲ್ಲೇ ಖರ್ಚಾಗುತ್ತವೆಯೋ ಎಂದು ಹೂವಪ್ಪ ಚಾಷ್ಟಿ ಮಾಡುತ್ತಿದ್ದ. ಓಣಿಯ ಹೆಂಗಸರು ಮಾತ್ರ ಆ ಮುಖ ನೋಡಿ ಮರುಳಾದರು. ನಮ್ಮ ಕಡೆ ಮೈ ಕೈ ತುಂಬಿಕೊಂಡವರನ್ನು ಕಂಡರೆ ಯಾರಿಗೂ ರೋಗದ ನೆನಪಾಗುವುದಿಲ್ಲ, ಸುಖದ ನೆನಪಾಗುತ್ತದೆ. ಅದು ಪುಡಿ ತಂದ ಬಾವು ಎಂದು ಗೊತ್ತಾಗುವ ಹೊತ್ತಿಗೆ ಹನ್ನೊಂದು ಮಂದಿ ಡಬ್ಬಿ ತರಿಸಿಕೊಂಡಿದ್ದರು. ಎಲ್ಲ ಮಾನವ್ವನ ಕೈಯಿಂದಲೇ. ಕಂಪನಿಯವರು ಒಂದು ಫಾರ್ಮಿನ ಮೇಲೆ ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡು ಮೆಂಬರ್ ಮಾಡಿದರು, ಶಾಲು ಹೊದಿಸಿ ಫೋಟೋ ತೆಗೆದರು, ಅಲ್ಲಿಂದ ಮುಂದೆ ಆಕೆಯ ಪಾಲಿನ ಡಬ್ಬಿಗೆ ರೊಕ್ಕ ಬೇಡ ಎಂದರು.

ಎಲ್ಲರಿಗಿಂತ ಕೊನೆಗೆ ಒಪ್ಪಿದವಳು ಸಾಬೀರಾ. ಏಳನೇ ಇಯತ್ತೆ ಓದಿದವಳು, ಡಬ್ಬಿ ತಿರುಗಿಸಿ ಮುರುಗಿಸಿ ನೋಡಿ, ಇದರಲ್ಲಿ ಏನೇನಿದೆ ಎಂದು ಪೂರ್ತಿ ಬರೆದಿಲ್ಲವಲ್ಲ ಎಂದಿದ್ದಳಂತೆ. ಹೊಲಿಗೆ ಮಷಿನ್ ತುಳಿದು ತುಳಿದು ಅವಳ ಮೊಣಕಾಲೂ ಹೋಗಿದ್ದವು. ಮಾನವ್ವ ಬಿಸಿನೀರಿನಲ್ಲಿ ತಾನೇ ಪುಡಿ ಕದಡಿ, ನನ್ನನ್ನು ನೋಡು, ನಾನು ಸತ್ತೆನೇ ಎಂದು ಕುಡಿಸಿದಳು.

ನಂತರ ಮಾನವ್ವ ಗಜೇಂದ್ರಗಡಕ್ಕೆ, ತಂಗಿಯ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಹೋದಳು. ಎಂಟು ದಿನದ ಮಾತು. ಡಬ್ಬಿ ಮನೆಯಲ್ಲೇ ಉಳಿಯಿತು. ಮೂರನೇ ದಿನ ವಾಂತಿ ಶುರುವಾಯಿತು, ಐದನೇ ದಿನ ಬಚ್ಚಲಲ್ಲಿ ಕುಸಿದು ಬಿದ್ದಳು. ಗದಗಿಗೆ ಒಯ್ದರು. ಏನು ಔಷಧ ತಗೊಳ್ಳುತ್ತಾಳೆ ಎಂದು ಡಾಕ್ಟರು ಎರಡು ದಿನ ಕೇಳಿದರು. ಏನೂ ಇಲ್ಲ ಎಂದು ಇಡೀ ಬಳಗ ಆಣೆ ಮಾಡಿ ಹೇಳಿತು. ಅವರು ಸುಳ್ಳು ಹೇಳುತ್ತಿರಲಿಲ್ಲ. ಔಷಧವೆಂದರೆ ಗುಳಿಗೆ, ಸೂಜಿ. ಬೇರು ನಾರಿನ ಪುಡಿಯನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಮೂರನೇ ದಿನ ಹೂವಪ್ಪ ಯಾವುದೋ ಮಾತಿನಲ್ಲಿ ಪುಡಿಯ ಸುದ್ದಿ ತೆಗೆದ. ಡಾಕ್ಟರು ಡಬ್ಬಿ ತರಿಸಿ ಪರೀಕ್ಷೆಗೆ ಕಳಿಸಿದರು. ಬೇರು ನಾರಿನ ಜೊತೆ ಸ್ಟೆರಾಯ್ಡ್ ಬೆರೆಸಿದ್ದರು.

ಅದು ಹೇಗೆ ಆಳನ್ನು ಕೆಡವುತ್ತದೆ ಎಂದು ಕೇಳಿದೆ. ಮಾನವ್ವ ಡಾಕ್ಟರಿಗಿಂತ ಚಲೋ ಹೇಳಿದಳು.

"ದಿನಾ ಹೊರಗಿಂದ ರೊಟ್ಟಿ ಬಂದ್ರ ಮನ್ಯಾಗ ಯಾರ ಒಲಿ ಹಚ್ತಾರ್ರಿ? ಮೈಯಾಗ ಆಗೂದು ಬಂದ್ ಆಗಿತ್ತು. ಒಮ್ಮಿಗೆಲೆ ಹೊರಗಿಂದೂ ಬಂದ್ ಆತು. ಮೈ ಉಪಾಸ ಬಿತ್ತು."

ಅದಕ್ಕೇ ಯಾರೂ ಪುಡಿಯನ್ನು ತಟ್ಟನೆ ಬಿಡಬಾರದು, ಎಲ್ಲರೂ ದವಾಖಾನೆಗೆ ಬರಲಿ ಎಂದು ಡಾಕ್ಟರು ಹೇಳಿ ಕಳಿಸಿದರು. ಮಾನವ್ವ ಮನೆಮನೆ ತಿರುಗಿ ಹತ್ತು ಮಂದಿಯನ್ನು ಕರೆದುಕೊಂಡು ಹೋದಳು. ಸಾಬೀರಾ ಬರಲಿಲ್ಲ. ಅಮೃತ ಎಂದು ಕುಡಿಸಿದವಳೂ ನೀನೇ, ಈಗ ವಿಷ ಎನ್ನುವವಳೂ ನೀನೇ ಎಂದು ಬಾಗಿಲು ಹಾಕಿಕೊಂಡಳು. ಪುಡಿಯಿಂದ ಒಳಗೊಳಗೇ ಅವಳ ರಕ್ತದಲ್ಲಿ ಸಕ್ಕರೆ ಏರಿ ಬಲಗಾಲಿನ ಬೆರಳಿಗೆ ಹುಣ್ಣಾಗಿತ್ತು. ಗಂಡ ಮೋದಿನಸಾಬ ತನ್ನ ಟಂಟಂ ಗಾಡಿಯಲ್ಲಿ ದವಾಖಾನೆಗೆ ಒಯ್ದಾಗ ಆ ಬೆರಳು ತೆಗೆಯಬೇಕಾಯಿತು. ಅಂದಿನಿಂದ ಅವಳು ಮಾನವ್ವನ ಜೊತೆ ಮಾತು ಬಿಟ್ಟಿದ್ದಳು.

ಇಷ್ಟು ಕೇಳಿದ ಮೇಲೆ ನನಗೆ ಸಿಟ್ಟು ಬಂತು. ಟೈ ಕಟ್ಟಿದವನ ಮೇಲೆ ಬಂತು. ಲೋಕದ ಕಾಗದವನ್ನೆಲ್ಲ ಓದುವ ನಾನು ಅದೇ ಓಣಿಯಲ್ಲಿ ಹಾದು ಹೋಗುತ್ತ ಎಂದೂ ಆ ಡಬ್ಬಿ ಓದಿರಲಿಲ್ಲ, ನನ್ನ ಮೇಲೂ ಬಂತು.

ನಾನು ವಕೀಲನಲ್ಲ. ಆದರೂ ಗೊತ್ತಿದ್ದಷ್ಟು ಹೇಳಿದೆ. ಬೆರಕೆ ಪುಡಿ ಮಾರಿದ್ದಕ್ಕೆ ಔಷಧ ನಿಯಂತ್ರಣದವರಿಗೆ ಬರೆಯಬಹುದು, ಅವರು ಮಾದರಿ ತೆಗೆದು ಲೈಸೆನ್ಸಿಗೆ ಕೈ ಹಾಕುತ್ತಾರೆ. ಮೋಸವೆಂದು ಪೊಲೀಸರ ಕಡೆಗೂ ಹೋಗಬಹುದು. ಆದರೆ ಹೋದ ಆರೋಗ್ಯಕ್ಕೆ ಪರಿಹಾರ ಬೇಕೆಂದರೆ ಗದಗಿನ ಗ್ರಾಹಕರ ಆಯೋಗ. ಎರಡು ವರ್ಷದ ಒಳಗೆ ಹೋಗಬೇಕು. ವಕೀಲರು ಇರಲೇಬೇಕೆಂದಿಲ್ಲ. ಡಬ್ಬಿ, ಅದರ ಮೇಲಿನ ಬ್ಯಾಚ್ ನಂಬರು, ದವಾಖಾನೆಯ ಕಾಗದ ಜೋಪಾನವಾಗಿರಬೇಕು.

"ನಿಂದು ಗಟ್ಟಿ ಕೇಸ ಐತಿ, ಮಾನವ್ವ. ಮೆಂಬರ್ ಆಗಿದ್ನಿ ಅಂತ ಮಾತ್ರ ಬಾಯಿ ಬಿಡಬ್ಯಾಡ" ಎಂದೆ.

"ಯಾಕ್ರಿ?"

"ವ್ಯಾಪಾರಕ್ಕ ಕೊಂಡಾಕಿ, ಗ್ರಾಹಕಳ ಅಲ್ಲ ಅಂತ ಕಂಪನಿ ವಕೀಲ ಹೇಳ್ತಾನ. ನಿನ್ನ ಕೇಸ ಅಲ್ಲೇ ಕುಂತ ಬಿಡತೈತಿ."

"ಹಂಗಾದ್ರ ಸಾಬೀರಾಂದು?"

ಮಾನವ್ವನನ್ನು ಕರೆದುಕೊಂಡು ಕೋರ್ಟಿನ ಒಳಗೆ ಹೋದೆ. ಸಂಗನಬಸವ ವಕೀಲರನ್ನು ಕೇಳಿದೆವು. ಅವರು ಕನ್ನಡಕ ತೆಗೆದು ಹೇಳಿದರು: ಬಿಲ್ಲು ಇಲ್ಲದಿದ್ದರೂ ದಾರಿ ಇದೆ, ಆದರೆ ಪುಡಿ ಕಂಪನಿಯಿಂದ ಸಾಬೀರಾಳ ಕೈಗೆ ಹೇಗೆ ಬಂತು ಎಂಬುದನ್ನು ಯಾರಾದರೂ ಒಪ್ಪಿಕೊಳ್ಳಬೇಕು. ಸಾಬೀರಾ ಕೇಸು ಹಾಕಿ, ಕಂಪನಿಯನ್ನು ಮೊದಲನೇ ಎದುರುದಾರರು, ಮಾರಿದ ಮಾನವ್ವನನ್ನು ಎರಡನೇ ಎದುರುದಾರಳು ಎಂದು ಸೇರಿಸಬೇಕು. ಮಾನವ್ವ, ಹೌದು, ಕಂಪನಿಯ ಪರವಾಗಿ ನಾನೇ ಮಾರಿದೆ ಎಂದು ಬರೆದುಕೊಟ್ಟರೆ ಕೊಂಡಿ ಕೂಡುತ್ತದೆ.

"ಒಪ್ಪಿಕೊಂಡ್ರ ನಿನ್ನ ಕೇಸ ಹೋದಂಗ ತಿಳಿ" ಎಂದರು ಮಾನವ್ವನಿಗೆ. "ಇನ್ನೊಂದ ಐತಿ. ನಾಳೆ ಕಂಪನಿ ಮಂದಿ ಬೋರ್ಡ ಕಿತಗೊಂಡ ಓಡಿ ಹೋದ್ರ, ಅಕಿ ಪರಿಹಾರ ನಿನ್ನ ಮನಿ ಮ್ಯಾಲೆ ಬರಬಹುದು. ಹೂವಪ್ಪನ್ನ ಕೇಳಿ ಬಾ."

ಮಾನವ್ವ ಹೂವಪ್ಪನನ್ನು ಕೇಳಿದಳು. ಅವನು ಮೂರನೇ ದಿನ ಮನೆಯ ಉತಾರ, ಅಂದರೆ ಹಕ್ಕಿನ ಕಾಗದ, ತಂದು ಅವಳ ಕೈಯಲ್ಲಿ ಕೊಟ್ಟನಂತೆ. ಅದರ ಅರ್ಥ ಏನೆಂದು ನಾನು ಕೇಳಿದೆ. ಏನಾದರೂ ಮಾಡಿಕೋ ಎಂದಿರಬಹುದು ಎಂದಳು.

ಸಾಬೀರಾಳನ್ನು ಒಪ್ಪಿಸುವುದೇ ಕಷ್ಟವಾಯಿತು. ಮೋದಿನಸಾಬ ಕರೆದುಕೊಂಡು ಬಂದ. ಕೋಲು ಊರಿ ಬಂದು ನನ್ನ ಬೆಂಚಿನ ಒಂದು ತುದಿಗೆ ಕುಳಿತಳು. ಇನ್ನೊಂದು ತುದಿಗೆ ಮಾನವ್ವ. ನಾನು ಟೈಪು ಮಾಡಿದ್ದನ್ನು ಓದಿ ಹೇಳುತ್ತ ಎರಡನೇ ಎದುರುದಾರಳ ಹೆಸರಿಗೆ ಬಂದೆ.

"ಮಾನಕ್ಕನ ಮ್ಯಾಲೆ ನಾ ಕೇಸ ಹಾಕೂದಿಲ್ರಿ" ಎಂದಳು ಸಾಬೀರಾ. "ಮಾತ ಬಿಟ್ಟೀನಿ, ಖರೇ. ಅಷ್ಟ ಸಾಕು."

ಮಾನವ್ವ ನೆಲ ನೋಡುತ್ತಲೇ ಹೇಳಿದಳು: "ನಿಂದು ಮಷಿನ್ ತುಳಿಯೋ ಕಾಲ. ನೀ ಮಾತ ಬಿಟ್ಟಿದ್ದಕ್ಕ ಅದು ತುಳೀತೈತೇನು? ಹೆಸರ ಇರಲಿ, ಕಾಕಾರ. ಇನ್ನೊಂದ ಸಾಲ ಕೂಡಸ್ರಿ. ಪುಡ್ಯಾಗ ಏನೈತಿ ಅಂತ ಈ ಮಾನವ್ವಗ ಗೊತ್ತಿರಲಿಲ್ಲ, ಗೊತ್ತಿದ್ದಾಕಿ ಗತೆ ಹೇಳಿ ಕುಡಿಸ್ಯಾಳ ಅಂತ ಬರೀರಿ."

ಎದುರುದಾರಳೇ ತನ್ನ ಮೇಲಿನ ಆರೋಪ ಹೇಳಿಕೊಟ್ಟು ಬರೆಸಿದ ದೂರನ್ನು ನಾನು ಅದೊಂದೇ ಟೈಪು ಮಾಡಿದ್ದು. ಮೆಂಬರ್ ವಿಷಯ ಮುಚ್ಚಿಡು ಎಂದಿದ್ದೆನಲ್ಲ, ಅದು ನೆನಪಾಗಿ ನಾಚಿಕೆಯಾಯಿತು. ಸಾಬೀರಾ ಬಹಳ ಹೊತ್ತು ಪೆನ್ನು ಹಿಡಿದು ಕುಳಿತಳು. ಕೊನೆಗೆ ಮೋದಿನಸಾಬ, "ಮಾಡು ಇನ್ನ" ಎಂದಾಗ ಸಹಿ ಮಾಡಿದಳು. ಮಾನವ್ವನ ಸ್ವಂತ ಕೇಸಿನ ಕಾಗದ ನನ್ನ ಡ್ರಾವರಿನಲ್ಲೇ ಉಳಿಯಿತು. ಬೇಕಾದಾಗ ಹೇಳುತ್ತೇನೆ ಎಂದವಳು ಇನ್ನೂ ಹೇಳಿಲ್ಲ.

ತಿಂಗಳೊಪ್ಪತ್ತಿನ ಮೇಲೆ ರೊಟ್ಟಿ ತರುವ ನೆಪದಲ್ಲಿ ಆಕೆಯ ಮನೆಗೆ ಹೋದೆ. ನೆಪವೇ, ನಮ್ಮ ಮನೆಯಲ್ಲಿ ರೊಟ್ಟಿ ಇದ್ದವು. ಈಗ ಕಟ್ಟೆ ಕಟ್ಟಿಸಿ ಒಲೆಯನ್ನು ಅದರ ಮೇಲಿಟ್ಟಿದ್ದಾಳೆ, ನಿಂತೇ ಬಡಿಯುತ್ತಾಳೆ. ಆ ದಿನ ಬೆಳಿಗ್ಗೆ ಆಯೋಗದ ನೋಟಿಸು ಬಂದಿತ್ತು. ಓದಲು ಬಾರದ ಮಾನವ್ವ ಅದನ್ನು ಹಿಡಿದು ನಾಲ್ಕು ಮನೆ ಆಚೆ ಸಾಬೀರಾಳ ಬಾಗಿಲಿಗೆ ಹೋಗಿ, ಓದಿ ಹೇಳು ಬಾ ಎಂದು ಕರೆದಿದ್ದಳಂತೆ. ನಾನು ಹೋದಾಗ ಸಾಬೀರಾ ಒಲೆಯ ಪಕ್ಕ ಸ್ಟೂಲಿನ ಮೇಲೆ ಕುಳಿತು, ತಾನೇ ಹಾಕಿದ ಕೇಸನ್ನು ಓದಿ ಹೇಳುತ್ತಿದ್ದಳು.

"ಎರಡನೇ ಎದುರುದಾರಳು, ಸದರಿ ಪುಡಿಯಲ್ಲಿ ಏನಿದೆಯೆಂದು ತನಗೆ ತಿಳಿಯದಿದ್ದರೂ, ತಿಳಿದವರ ಹಾಗೆ ಹೇಳಿ..." ಎಂದು ಓದಿದವಳು ಅಲ್ಲಿಗೇ ನಿಂತಳು.

"ಮುಂದ ಓದು" ಎಂದಳು ಮಾನವ್ವ.

"ಮುಂದ ನನ್ನ ಬೆರಳಿಂದ ಐತಿ, ಮಾನಕ್ಕ. ಬಿಡು."

"ಅದನ್ನ ಓದು."

ಮಾನವ್ವ ಒಲೆ ಸಣ್ಣ ಮಾಡಿ, ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಅವಳ ಎದುರಿಗೆ ಬಂದು ನಿಂತಳು. ಸಾಬೀರಾ ಓದಿದಳು.