ಕೈ ಹಿಂದಕ್ಕೆ ಕಟ್ಟಿ ನಿಂತ ಮೇಡಂ

ಇವತ್ತು ಬೆಳಿಗ್ಗೆ ನಂಜನಗೂಡಿನ ನಮ್ಮ ಕಾರ್ಖಾನೆಯ ರಿಪೇರಿ ಕೋಣೆಯಲ್ಲಿ ಸೋಲ್ಡರಿಂಗ್ ಮಾಡುತ್ತಿದ್ದೆ. ಸೀಸ ಕರಗಿ ರಾಳದ ಹೊಗೆ ಮೂಗಿಗೆ ಹತ್ತಿತು. ಹತ್ತಿರದಲ್ಲೆಲ್ಲೋ ಧೂಪ ಹಾಕಿದಂಥ ವಾಸನೆ... ಹೈಸ್ಕೂಲಿನ ವಿಜ್ಞಾನದ ಮೇಡಂ ನೆನಪಾದರು.

ನಾನಾಗ ಒಂಬತ್ತನೇ ತರಗತಿ. ತಲಕಾಡಿನ ಕಡೆಯಿಂದ ಬಸ್ಸಿನಲ್ಲಿ ಟಿ. ನರಸೀಪುರಕ್ಕೆ ಓಡಾಡುತ್ತಿದ್ದೆ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಗಂಡುಮಕ್ಕಳು ಮಾದರಿ ಮಾಡುವುದು, ಹೆಣ್ಣುಮಕ್ಕಳು ಚಾರ್ಟ್ ಬರೆಯುವುದು ನಮ್ಮ ಶಾಲೆಯ ರೂಢಿ. ಆ ವರ್ಷ ಮೇಡಂ ಹುಡುಗಿಯರಾದ ನಮಗೆ ಚಾರ್ಟ್ ಹಾಳೆಯನ್ನೇ ಕೊಡಲಿಲ್ಲ, ನೀವೂ ಮಾದರಿ ಮಾಡಿ ಎಂದರು. ಹೆಡ್ ಮಾಸ್ಟರು ಅರೆಮನಸ್ಸಿನಿಂದ ಒಪ್ಪಿದರು. "ಕೆಟ್ರೆ ಮುಂದಿನ್ ವರ್ಷದಿಂದ ಮತ್ತೆ ಚಾರ್ಟೇ ಕಣಮ್ಮ," ಎಂದರು.

ನಾನೂ ನನ್ನ ಗೆಳತಿಯೂ ತೊಟ್ಟಿ ತುಂಬಿದರೆ ಕೂಗುವ ಬಜರ್ ಮಾಡಲು ಹೊರಟೆವು. ನಮ್ಮ ಬೀದಿಯಲ್ಲಿ ತೊಟ್ಟಿ ತುಂಬಿ ನೀರು ಹರಿದು, ಎದುರು ಮನೆಯವರಿಂದ ಬೈಸಿಕೊಳ್ಳುವುದು ದಿನದ ಪಾಡಾಗಿತ್ತು. ನನ್ನ ದಿನಚರಿಯಲ್ಲಿ ಆ ವಾರದ ಲೆಕ್ಕ ಹೀಗಿದೆ: ಸೋಲ್ಡರಿಂಗ್ ಮಾಡುವಾಗ ಸುಟ್ಟ ಬೆರಳು ಮೂರು, ಸತ್ತ ಟ್ರಾನ್ಸಿಸ್ಟರ್ ಎರಡು. ಮೇಡಂ ಒಂದಕ್ಕೂ ಕೈ ಹಾಕಲಿಲ್ಲ. ನಾವು ಕೆಲಸ ಮಾಡುವಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವುದು ಅವರ ಪದ್ಧತಿ. ಹಿಂದಿನಿಂದ ನೋಡಿದರೆ ಬೆರಳುಗಳು ಮಾತ್ರ ಸುಮ್ಮನಿರುತ್ತಿರಲಿಲ್ಲ...

ಹಿಂದಿನ ದಿನ ಶಾಲೆಯ ಬೋರ್ ನೀರಿನಲ್ಲಿ ಬಜರ್ ಚೆನ್ನಾಗಿ ಕೂಗಿತ್ತು. ಬೋರ್ ನೀರು ನಮ್ಮ ಮಾದರಿಯ ಗಾಜಿನ ತೊಟ್ಟಿಯ ಮೇಲೆ ಬಿಳಿ ಕಲೆ ಬಿಡುತ್ತದೆಂದು, ತೀರ್ಪುಗಾರರು ಬರುವ ದಿನ ಗೆಳತಿ ಕುಡಿಯುವ ಫಿಲ್ಟರ್ ನೀರಿನ ಕ್ಯಾನ್ ತಂದು ತೊಟ್ಟಿಗೆ ಸುರಿದಳು. ನೀರು ತಂತಿಗೆ ಮುಟ್ಟಿತು. ಬಜರ್ ಸುಮ್ಮನಿತ್ತು.

"ಉಡ್ಗೀರ್ ಬಜರ್ ಕಣ್ಲಾ, ಜನ ನೋಡಿ ನಾಚ್ಕತದೆ," ಎಂದ ಪಕ್ಕದ ಮೇಜಿನವನು. ಹೆಡ್ ಮಾಸ್ಟರು ಗಡಿಯಾರ ನೋಡಿಕೊಂಡರು. ನಾನು ಮೇಡಂ ಕಡೆ ತಿರುಗಿದೆ.

"ನನ್ ಮುಖದಲ್ಲೇನದೆ? ತೊಟ್ಟಿ ನೋಡು. ನಿನ್ನೆಗೂ ಇವತ್ತಿಗೂ ಏನ್ ಬದಲಾಯ್ತು ಹೇಳು."

ಬ್ಯಾಟರಿ ಅದೇ, ತಂತಿ ಅದೇ... ಬೇರೆಯಾಗಿದ್ದುದು ನೀರೊಂದೇ.

"ಉಪ್ಪು ಇಸ್ಕೊಂಡ್ ಬಾರೆ," ಎಂದೆ. ಗೆಳತಿ ಬಿಸಿಯೂಟದ ಅಡುಗೆಮನೆಗೆ ಓಡಿದಳು. "ಅಲ್ಲೇನ್ ಸಾರ್ ಮಾಡ್ತಿದ್ದೀರೇನ್ರವ್ವಾ?" ಎಂದು ಅಡುಗೆಯಮ್ಮ ಕೇಳಿದರಂತೆ.

ಒಂದು ಹಿಡಿ ಉಪ್ಪು ಕದಡಿದ್ದೇ ತಡ, ಬಜರ್ ಕಿವಿ ತೂತಾಗುವಂತೆ ಕೂಗಿತು. ಫಿಲ್ಟರ್ ನೀರಿನಲ್ಲಿ ಲವಣ ಕಡಿಮೆ, ಕರೆಂಟು ಸರಿಯಾಗಿ ಹರಿಯುವುದಿಲ್ಲವೆಂದು ತೀರ್ಪುಗಾರರಿಗೆ ವಿವರಿಸಿದವಳು ನಾನೇ. ಬಹುಮಾನ ಬರಲಿಲ್ಲ. ಆದರೆ ಮುಂದಿನ ವರ್ಷ ಹೆಣ್ಣುಮಕ್ಕಳ ಮಾದರಿಗಳಿಗೆ ಮೂರು ಮೇಜು ಸಿಕ್ಕವು.

ಮೇಡಂ ತೀರಿಕೊಂಡರೆಂದು ಹೋದ ವರ್ಷ ಅದೇ ಗೆಳತಿ ಫೋನ್ ಮಾಡಿ ಹೇಳಿದಳು. ದಿನಚರಿಯ ಆ ದಿನದ ಪುಟದಲ್ಲಿ ತಾರೀಕು ಬರೆದಿದ್ದೇನೆ, ಅದರ ಕೆಳಗೆ ಏನೂ ಇಲ್ಲ.

ಇವತ್ತಿನ ರಾಳದ ಹೊಗೆ ಇನ್ನೂ ಚದುರಿರಲಿಲ್ಲ, ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿ ಸರ್ಕ್ಯೂಟ್ ಬೋರ್ಡ್ ಹಿಡಿದು ಬಂದಳು. "ಲೈಟ್ ಅತ್ತಾನೇ ಇಲ್ಲ ಕಣಕ್ಕ, ನೀವೇ ಒಸಿ ಮಾಡ್ಕೊಡಿ."

ತಪ್ಪು ಎಲ್ಲಿದೆಯೆಂದು ನೋಡಿದ ತಕ್ಷಣ ಗೊತ್ತಾಯಿತು. "ನಿನ್ನೆ ಹತ್ತಿತ್ತಾ?" ಎಂದು ಕೇಳಿ, ಕೈಯಲ್ಲಿದ್ದುದನ್ನು ಕೆಳಗಿಟ್ಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಬೆರಳುಗಳು ಸುಮ್ಮನಿರಲಿಲ್ಲ.