ತಿಪ್ಪೇರುದ್ರನ ಹೆದರಿಕೆ

ಆಂಜಿನಮ್ಮ ತಿಪ್ಪೇರುದ್ರನನ್ನು ಮೊದಲು ಕಂಡದ್ದು ಅವಳ ಮನೆಯ ಗೋಡೆ ಶಾಕ್ ಹೊಡೆದ ದಿನ. ಯುಗಾದಿಗೆಂದು ನಡುಮನೆಗೆ ಸುಣ್ಣ ಬಳಿಯುತ್ತಿದ್ದಳು. ಹಸಿಗೋಡೆಗೆ ಅಂಗೈ ಊರಿದೊಡನೆ ಮೊಣಕೈವರೆಗೂ ಜುಮ್ಮೆಂದಿತು. ಅದೇ ಗೋಡೆಯ ಪಕ್ಕದಲ್ಲಿ, ಬಾಣಂತಿ ಮಗಳು ರಮ್ಯಶ್ರೀಯ ಕೂಸು ತೊಟ್ಟಿಲಲ್ಲಿ ಮಲಗಿತ್ತು. ಕೂಸನ್ನು ಬಾಚಿಕೊಂಡು, ಮಗಳನ್ನೂ ಎಬ್ಬಿಸಿಕೊಂಡು ಬೀದಿಗೆ ಬಂದು ನಿಂತಳು. ಮತ್ತೆ ಒಳಗೆ ಕಾಲಿಡಲು ಧೈರ್ಯ ಸಾಲಲಿಲ್ಲ.

ಆ ಗೋಡೆಯೊಳಗಿನ ವೈರು ಜೋಡಿಸಿದವನು ಅವಳ ಗಂಡ ಜಯಣ್ಣನೇ. ಫ್ಯಾನಿಗೆಂದು ಎರಡು ತುಂಡು ವೈರನ್ನು ಹೊಸೆದು, ಹಾಲಿನ ಕವರು ಸುತ್ತಿ, ಮೇಲೆ ಗಾರೆ ಮೆತ್ತಿದ್ದ.

ಕೊರಟಗೆರೆಯಿಂದ ವೈರ್‌ಮನ್ ತಿಪ್ಪೇರುದ್ರ ಬರುವ ಹೊತ್ತಿಗೆ ಕರೆಂಟು ಹೋಗಿತ್ತು. ಆದರೂ ಅವನು ಮೇನ್ ಸ್ವಿಚ್ ಆರಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ. ಆಮೇಲೂ ಗೋಡೆಗೆ ಕೈ ತಾಗಿಸದೆ ಟೆಸ್ಟರ್ ತುದಿಯಿಂದಲೇ ಮುಟ್ಟಿ ನೋಡಿದ.

"ಸಂಜೆ ತಂಕ ಕರೆಂಟ್ ಬರಾಕಿಲ್ಲ ಕಣಯ್ಯ. ನಾನ್ ಯಾವಾಗ್ಲೂ ಈ ಹೊತ್ತಲ್ಲೇ ವೈರ್ ಮುಟ್ಟೋದು," ಎಂದು ಜಯಣ್ಣ ನಕ್ಕ. "ನಮ್ಮ ಬಾಣಂತಿಗೇ ನಿನಗಿಂತ ಧೈರ್ಯ ಐತೆ."

"ಹೋದ ಕರೆಂಟು ಹೇಳ್ಬುಟ್ಟು ಬರಾಕಿಲ್ಲ ಅಣ್ಣ. ಸಿರಾದಾಗೆ ನಮ್ಮಣ್ಣನೂ ಹಿಂಗೇ ಅಂತಿದ್ದ. ಈಗ ಹಂಗನ್ನಾಕೆ ಅವನೇ ಇಲ್ಲ."

ಗಾರೆ ಕೆತ್ತಿದಾಗ ಕರಗಿದ ಕವರೂ ಕಪ್ಪಗಾದ ತಾಮ್ರವೂ ಕಂಡವು. ಅದನ್ನು ಬಿಡಿಸುತ್ತಿರುವಾಗಲೇ ಪಕ್ಕದ ಮನೆಯ ಮಿಕ್ಸಿ ಗುರ್ರೆಂದಿತು. ಕರೆಂಟು ಬಂದಿತ್ತು. ಬೆತ್ತಲೆ ತಂತಿ ತಿಪ್ಪೇರುದ್ರನ ಬೆರಳ ನಡುವೆಯೇ ಇತ್ತು. ಬಾಗಿಲಲ್ಲಿ ನಿಂತಿದ್ದ ಆಂಜಿನಮ್ಮ ಕೂಸನ್ನು ಎದೆಗೆ ಅವುಚಿಕೊಂಡಳು.

ಏನೂ ಆಗಲಿಲ್ಲ. ಅವನು ತಂತಿ ಬಿಟ್ಟು, ಮೆಲ್ಲಗೆ ನೆಲಕ್ಕೆ ಕುಳಿತು, ಜೇಬಿನ ಫ್ಯೂಸ್ ಮುಟ್ಟಿ ನೋಡಿಕೊಂಡ. ಕುಡಿಯಲು ನೀರು ಕೇಳಿದ. ತಂದುಕೊಟ್ಟವನು ಜಯಣ್ಣ, ಅರ್ಧ ನೀರು ದಾರಿಯಲ್ಲೇ ತುಳುಕಿ ಹೋಗಿತ್ತು.

ಆಮೇಲೆ ತಿಪ್ಪೇರುದ್ರ ಟೆಸ್ಟರ್ ಇಟ್ಟು ನೋಡಿ, ಸುಟ್ಟ ತುದಿಗಳನ್ನು ಕತ್ತರಿಸಿದ. ಹೊಸ ತುದಿಗಳನ್ನು ಕನೆಕ್ಟರಿಗೆ ತೂರಿಸಿ ಸ್ಕ್ರೂ ಬಿಗಿದು, ಒಂದೊಂದನ್ನೂ ಎಳೆದು ನೋಡಿ, ಗೋಡೆಯಲ್ಲಿ ಹೊಸದಾಗಿ ಇಟ್ಟ ಬಾಕ್ಸಿನೊಳಗೆ ಕೂರಿಸಿ ಮುಚ್ಚಳ ಹಾಕಿದ.

"ಇದರ ಮ್ಯಾಲೆ ಗಾರೆ ಮೆತ್ಬ್ಯಾಡಿ. ಜಾಯಿಂಟ್ ಎಲ್ಲೈತೆ ಅಂತ ಗೊತ್ತಾಗ್ಬೇಕು ಕಣಮ್ಮ."

ಗೋಡೆ ಆರಿದ ಮೇಲೆ ಅವನೇ ಮತ್ತೆ ಬಂದು ಫ್ಯೂಸ್ ಹಾಕಿ, ಟೆಸ್ಟರನ್ನು ಗೋಡೆಗೆ ಒತ್ತಿ ತೋರಿಸಿದ. ಅದರ ದೀಪ ಹೊತ್ತಿಕೊಳ್ಳಲಿಲ್ಲ. ಆದರೂ ಆಂಜಿನಮ್ಮ ತೊಟ್ಟಿಲನ್ನು ಎದುರು ಗೋಡೆಯ ಕಡೆಗೇ ಕಟ್ಟಿಸಿದಳು.

ತಿಪ್ಪೇರುದ್ರನಿಗೆ ಈಗ ಪಾವಗಡದ ಕಡೆ ಹೊಸಮನೆಯೊಂದರ ವೈರಿಂಗ್ ಸಿಕ್ಕಿದೆ. ಗೋಡೆ ಅಂದವಾಗಿ ಕಾಣಲೆಂದು ಜಾಯಿಂಟಿನ ಬಾಕ್ಸುಗಳನ್ನೆಲ್ಲ ಗಾರೆಯೊಳಗೆ ಮುಚ್ಚಬೇಕೆಂದು ಮನೆಯವರ ಹಟ. ಅವನ್ನು ಕಾಣುವಂತೆ ಬಿಡಲು ಅವರು ಒಪ್ಪುವವರೆಗೆ ವೈರು ಎಳೆಯುವುದಿಲ್ಲವೆಂದು ಅವನು ಜಗಲಿಯ ಮೇಲೆ ಕುಳಿತಿದ್ದಾನಂತೆ.